ನೊಮಾದೆಸ್ ಎಂದರೆ ಅಲೆಮಾರಿಗಳಲ್ಲ

ಪ್ರಾಚೀನ ಗ್ರೀಕರ ‘ನೊಮಾದೆಸ್’ ಎಂಬ ಪದ ಇಂಗ್ಲಿಷಿನ ಮೂಲಕ ನಮ್ಮವರೆಗೆ ಬಂದು ತಲುಪುವಷ್ಟರಲ್ಲಿ ಅದರ ಹಿಂದೆ ಇದ್ದ ದನಕುರಿಗಳೆಲ್ಲ ದಾರಿಯಲ್ಲಿಯೇ ತಪ್ಪಿಹೋಗಿವೆ. ನೊಮ್ಯಾಡ್ ಎಂದರೆ ನೆಲೆಯಿಲ್ಲದವನು, ಊರೂರು ತಿರುಗುವವನು ಎಂದು ನಾವು ಶಾಲೆಯಲ್ಲಿ ಕಲಿತೆವು. ಕನ್ನಡದಲ್ಲಿ ಬರೆಯುವಾಗ ‘ಅಲೆಮಾರಿ’ ಎಂದು ಹಿಂದುಮುಂದು ನೋಡದೆ ಬರೆದುಕೊಂಡು ಬಂದೆವು. ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ ಮೇಲೆ, ಪರೇಲಿನಲ್ಲಿ ಸೇರುವ ನಮ್ಮ ಬಳಗದಲ್ಲಿಯೂ ಈ ಪದದ ಮಾತು ಬಂದಿತು. ಮಾತು ಮುಂದುವರಿದಷ್ಟೂ ಇದು ನಿಘಂಟಿನ ವಿಚಾರವಷ್ಟೇ ಅಲ್ಲವೆಂದು ನಮಗೆ ತೋರಿತು. ಆದ್ದರಿಂದ ಈ ಬರಹ.

ಗ್ರೀಕಿನ ‘ನೆಮೈನ್’ ಎಂಬ ಧಾತುವಿಗೆ ಹಂಚು, ಪಾಲು ಕೊಡು, ಮೇಯಿಸು ಎಂಬ ಅರ್ಥಗಳಿವೆ. ಅದರಿಂದ ಹುಟ್ಟಿದ ‘ನೊಮೋಸ್’ ಎಂಬ ಪದವನ್ನು ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು ಉಚ್ಚರಿಸಿದರೆ ಹುಲ್ಲುಗಾವಲು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ನೋಮೊಸ್’ ಎಂದರೆ ಕಟ್ಟಳೆ, ಕಾನೂನು. ಇಂದಿನ ಎಕಾನಮಿಯ ಬಾಲದಲ್ಲಿರುವುದು ಇದೇ ಧಾತು. ಪಾಪಕ್ಕೆ ತಕ್ಕ ಪಾಲನ್ನು ಹಂಚುವ ದೇವತೆ ನೆಮೆಸಿಸ್‌ಳ ಹೆಸರಿನಲ್ಲಿರುವುದೂ ಇದೇ. ಹೀಗೆ ‘ನೊಮಾಸ್’ ಎಂದರೆ ಹಿಂಡನ್ನು ಮೇಯಿಸುವವನು. ಅವನು ನಡೆಯುತ್ತಾನೆ, ನಿಜ. ಹುಲ್ಲು ಒಂದೆಡೆ ನಿಂತಿರುವುದಿಲ್ಲವಾದ್ದರಿಂದ ನಡೆಯುತ್ತಾನೆ. ಆದರೆ ಪದ ಹುಟ್ಟಿದ್ದು ಅವನ ಕಾಲುಗಳಿಂದಲ್ಲ, ಅವನ ಕೆಲಸದಿಂದ. ಆ ಪದದ ನೆರೆಯಲ್ಲಿ ಇರುವ ಮಾತುಗಳು ಪಾಲು ಮತ್ತು ಕಟ್ಟಳೆ, ಅಲೆದಾಟವಲ್ಲ.

ಗ್ರೀಕರು ಪಶುಪಾಲಕರನ್ನು ತುಂಬ ಗೌರವದಿಂದ ಕಂಡರೆಂದು ಹೇಳುವಂತಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸ್ ಸಿಥಿಯನ್ನರಲ್ಲಿ ಉಳುವವರು, ಬೆಳೆಯುವವರು, ನೊಮಾದೆಸ್ ಎಂದು ವಿಂಗಡಿಸಿ, ಕೊನೆಯವರು ಬಿತ್ತುವುದೂ ಇಲ್ಲ, ಉಳುವುದೂ ಇಲ್ಲ ಎಂದು ಅವರನ್ನು ‘ಇಲ್ಲ’ಗಳಿಂದಲೇ ಪರಿಚಯಿಸಿದನು. ಆಫ್ರಿಕದ ಉತ್ತರ ತೀರದ ಒಂದು ಜನಾಂಗವನ್ನು ಗ್ರೀಕರು ಇದೇ ಹೆಸರಿನಿಂದ ಕರೆದರು. ರೋಮನ್ನರ ಬಾಯಿಯಲ್ಲಿ ಅದು ನುಮಿಡಿಯ ಎಂಬ ದೇಶದ ಹೆಸರಾಯಿತು. ಅರಿಸ್ಟಾಟಲನು ತನ್ನ ‘ಪಾಲಿಟಿಕ್ಸ್’ನಲ್ಲಿ ಇವರನ್ನು ಎಲ್ಲರಿಗಿಂತ ಸೋಮಾರಿಗಳೆಂದು ಕರೆದ. ಸಾಕಿದ ಪ್ರಾಣಿಗಳಿಂದ ಶ್ರಮವಿಲ್ಲದೆ ಊಟ ಸಿಗುತ್ತದೆಂಬುದು ಅವನ ಎಣಿಕೆ. ಒಂದು ದಿನವಾದರೂ ಕುರಿ ಕಾಯ್ದಿದ್ದರೆ ಆ ಮಹಾನುಭಾವ ಈ ವಾಕ್ಯವನ್ನು ಹೊಡೆದುಹಾಕುತ್ತಿದ್ದನೇನೋ. ಆದರೆ ಅದೇ ಉಸಿರಿನಲ್ಲಿ ಅವನೊಂದು ಒಳ್ಳೆಯ ಮಾತನ್ನೂ ಆಡಿದ್ದಾನೆ: ಹಿಂಡಿನೊಡನೆ ನಡೆಯುವವರು ಜೀವವಿರುವ ಹೊಲವನ್ನು ಸಾಗುವಳಿ ಮಾಡುವವರಂತೆ ಎಂದು.

ಅವನಿಗಿಂತ ಹಿಂದಿನ ಹೋಮರನ ‘ಒಡಿಸ್ಸಿ’ಯಲ್ಲಿ ಒಕ್ಕಣ್ಣಿನ ರಾಕ್ಷಸ ಪಾಲಿಫೀಮಸ್ ಬರುತ್ತಾನಲ್ಲ, ಅವನೂ ಕುರಿಗಾಹಿಯೇ. ಅವನ ಜನಕ್ಕೆ ಸಭೆಯಿಲ್ಲ, ಕಟ್ಟಳೆಯಿಲ್ಲ ಎಂದು ಕವಿ ಹೇಳುತ್ತಾನೆ. ಹೇಳಿ, ಅವನ ಗವಿಯ ಒಳಗನ್ನು ತೋರಿಸುತ್ತಾನೆ: ಹಿರಿಯ ಮರಿಗಳು ಒಂದು ದೊಡ್ಡಿಯಲ್ಲಿ, ನಡುವಿನವು ಇನ್ನೊಂದರಲ್ಲಿ, ಎಳೆಯವು ಮತ್ತೊಂದರಲ್ಲಿ. ಸಂಜೆ ಕುರಿಗಳನ್ನು ಸರದಿಯಂತೆ ಕರೆದು, ಒಂದೊಂದು ಮರಿಯನ್ನು ಅದರದರ ತಾಯಿಗೆ ಬಿಡುತ್ತಾನೆ; ಅರ್ಧ ಹಾಲನ್ನು ಹೆಪ್ಪಿಗಿಟ್ಟು ಗಿಣ್ಣು ಮಾಡಿ ಬುಟ್ಟಿಗಳಲ್ಲಿ ತುಂಬುತ್ತಾನೆ, ಉಳಿದರ್ಧವನ್ನು ಕುಡಿಯಲು ತೆಗೆದಿಡುತ್ತಾನೆ. ಕಟ್ಟಳೆಯಿಲ್ಲದವನ ಮನೆಯಲ್ಲಿ ಇಷ್ಟು ಕಟ್ಟಳೆ! ಅವನು ಮನುಷ್ಯರನ್ನು ತಿನ್ನುತ್ತಾನೆಂಬುದನ್ನು ನಾವು ಮರೆತಿಲ್ಲ. ಆದರೆ ಹೋಮರನ ಕಣ್ಣು ಅವನ ನಾಲಗೆಗಿಂತ ಪ್ರಾಮಾಣಿಕವಾಗಿತ್ತು ಎಂದು ನಮಗನ್ನಿಸುತ್ತದೆ.

ಗ್ರೀಕ್ ಎಂದೊಡನೆ ಕನ್ನಡ ಸಾಹಿತ್ಯಾಸಕ್ತರಾದ ನಮಗೆಲ್ಲ ನೆನಪಾಗುವುದು ಆಕ್ಸಿರಿಂಕಸ್‌ನ ಪಪೈರಸ್ ಪ್ರಹಸನ. ಅದರಲ್ಲಿ ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಷ್ ಸೂಚಿಸಿದ್ದು, ಆಮೇಲೆ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದ್ದು ನಮ್ಮ ಹೆಮ್ಮೆಯ ಕಥೆ. ಆ ವಾದವು ವಾದವಾಗಿಯೇ ಉಳಿದಿದೆ. ಅದಕ್ಕಿಂತ ಸರಳವಾದ, ಯಾರೂ ಅಷ್ಟಾಗಿ ಎತ್ತಿ ಆಡದ ಇನ್ನೊಂದು ನಂಟಿದೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಮೆಗಸ್ತನೀಸ್ ಭಾರತದ ಜನರನ್ನು ಏಳು ವರ್ಗಗಳಾಗಿ ವಿಂಗಡಿಸಿದನು. ಅವನ ಗ್ರಂಥ ಉಳಿದಿಲ್ಲ. ಅದನ್ನು ಓದಿದ ಆರಿಯನ್ ಮೊದಲಾದವರ ಬರಹಗಳು ಉಳಿದಿವೆ. ಮೂರನೆಯ ವರ್ಗ ಮೇಯಿಸುವವರದು: ಕುರಿ ಕಾಯುವವರು, ದನ ಕಾಯುವವರು. ಅವರು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ವಾಸಿಸದೆ ಗುಡ್ಡಗಳಲ್ಲಿ ಬಾಳುವ ನೊಮಾದೆಸ್ ಎಂದು ಆರಿಯನ್ ಬರೆಯುತ್ತಾನೆ. ಮುಂದಿನ ಮಾತು ಮುಖ್ಯ: ಅವರೂ ತಮ್ಮ ಪಶುಗಳಿಂದ ಅರಸನಿಗೆ ತೆರಿಗೆ ಸಲ್ಲಿಸುತ್ತಾರೆ. ಅಂದರೆ ಇಪ್ಪತ್ತಮೂರು ಶತಮಾನಗಳ ಹಿಂದೆ ಈ ನೆಲದ ಕುರಿಗಾಹಿಗೆ ಮನೆಯ ಗುರುತಿರಲಿಲ್ಲವಾದರೂ ರಾಜ್ಯದ ಲೆಕ್ಕದಲ್ಲಿ ಗುರುತಿತ್ತು. ತೆರಿಗೆ ಕೊಡುವವನನ್ನು ಯಾವ ಅರಸನೂ ಬಿಡಾಡಿ ಎನ್ನುವುದಿಲ್ಲ.

ಇನ್ನು ನಮ್ಮ ನುಡಿಯ ಮಾತು. ಕುರಿಗಾಹಿ, ದನಗಾಹಿ, ತುರುಗಾಹಿ. ಮಳೆಗಾಲ ಎಂಬುದಕ್ಕೆ ಮೇಷ್ಟರು ಹೇಳಿಕೊಟ್ಟ ಅದೇ ಆದೇಶಸಂಧಿಯಿಂದ ‘ಕಾಹಿ’ ಇಲ್ಲಿ ‘ಗಾಹಿ’ಯಾಗಿದೆ, ಕಾಹಿ ಎಂದರೆ ಕಾಯುವವನು. ಗ್ರೀಕರ ಪದ ಪಾಲಿನ ಸುತ್ತ ಬೆಳೆದರೆ ಕನ್ನಡದ ಪದ ಕಾವಲಿನ ಸುತ್ತ ಬೆಳೆದಿದೆ. ಎರಡರಲ್ಲಿಯೂ ಅಲೆತವಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ತುರುಗಾಹಿ ರಾಮಣ್ಣ ಎಂಬ ವಚನಕಾರರಿದ್ದಾರೆ. ಕಾಯಕವೇ ಅವರ ಹೆಸರಿನ ಮೊದಲ ಭಾಗ, ‘ಗೋಪತಿನಾಥ’ ಎಂಬುದು ಅವರ ಅಂಕಿತದ ಮೊದಲ ಭಾಗ. ತುರುಗಾಹಿ ಎಂಬಲ್ಲಿ ‘ಅಲೆಮಾರಿ’ ಎಂದು ಹಾಕಿ ಆ ಹೆಸರನ್ನು ಒಮ್ಮೆ ಓದಿ ನೋಡಿದರೆ ಏನು ಕಳೆದುಹೋಗುತ್ತದೆಂಬುದು ತಾನಾಗಿ ತಿಳಿಯುತ್ತದೆ. ಕರ್ನಾಟಕದ ಊರೂರಿನಲ್ಲಿ ನಿಂತಿರುವ ತುರುಗೊಳ್ ವೀರಗಲ್ಲುಗಳೂ ಇದೇ ಕಾವಲಿನ ಸಾಕ್ಷಿಗಳು. ಕಳವಾದ ದನಗಳನ್ನು ಮರಳಿ ತರಲು ಹೋಗಿ ಸತ್ತವನನ್ನು ಕೆಳಗಿನ ಪಟ್ಟಿಕೆಯಲ್ಲಿ ಕಾದಾಡಿಸಿ, ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗಕ್ಕೇರಿಸಿದ ಸಮಾಜ ನಮ್ಮದು.

ಕುರಿಗಾಹಿಗಳ ನಡೆ ಗೊತ್ತುಗುರಿಯಿಲ್ಲದ್ದೆಂದು ತಿಳಿದವರು ಬೆಳಗಾವಿ, ಬಾಗಲಕೋಟೆ ಸೀಮೆಯ ಕುರುಬರ ಹಿಂಡುಗಳನ್ನು ಹತ್ತಿರದಿಂದ ನೋಡಬೇಕು. ಡೆಕ್ಕನಿ ಕುರಿಗೆ ಹೆಚ್ಚು ಮಳೆ ಆಗದು. ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಒಣ ಬಯಲು, ಸುಗ್ಗಿ ಮುಗಿದ ಮೇಲೆ ಪಡುವಣ ದಿಕ್ಕಿನ ಕೊಯ್ಲಾದ ಹೊಲಗಳು. ಮುಂದಾಳು ಮೊದಲೇ ಹೋಗಿ, ಯಾರ ಹೊಲದಲ್ಲಿ ಎಷ್ಟು ರಾತ್ರಿ ಕುರಿ ನಿಲ್ಲಿಸಬೇಕೆಂದು ರೈತನೊಡನೆ ಮಾತಾಡಿ ಬರುತ್ತಾನೆ. ಹಿಂಡು ಬಲೆಯ ಬೇಲಿಯೊಳಗೆ ರಾತ್ರಿ ಮಲಗಿ ಎದ್ದರೆ ಹೊಲಕ್ಕೆ ಹಿಕ್ಕೆ, ಗಂಜಲ. ಕುರಿಗಾಹಿಗೆ ಕಾಳು ಅಥವಾ ಹಣ. ಇದೇ ದಾರಿ, ಇದೇ ಕೆರೆ, ಇದೇ ಮನೆತನದ ಹೊಲ ಎಂದು ತಲೆಮಾರುಗಳ ಒಡಂಬಡಿಕೆ ಬಾಯಿಮಾತಿನಲ್ಲಿಯೇ ನಡೆದು ಬಂದಿದೆ. ನೊಮೋಸ್ ಮತ್ತು ನೋಮೊಸ್, ಹುಲ್ಲು ಮತ್ತು ಕಟ್ಟಳೆ, ಎರಡೂ ಇಲ್ಲಿವೆ. ನೀರಾವರಿ ಬಂದು ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುವಂತಾದ ಮೇಲೆ, ಚೀಲದಲ್ಲಿ ಗೊಬ್ಬರ ಬಂದ ಮೇಲೆ, ಆ ಮಾತು ಮುರಿಯುತ್ತ ಬಂದಿದೆ. ಒಡಂಬಡಿಕೆ ಮುರಿದ ಮೇಲೆ ಅದೇ ಕುರಿಗಾಹಿ ರೈತನ ಕಣ್ಣಿಗೆ ಬೆಳೆ ಮೇಯಿಸುವ ಕಳ್ಳನಾಗಿ ಕಾಣುತ್ತಾನೆ.

ಇದನ್ನೆಲ್ಲ ಮುಂಬಯಿಯ ಗಿರಣಗಾಂವದಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಹೆಸರಿನ ಪ್ರಾಣಿಗಳ ಆಸ್ಪತ್ರೆಯಿದೆ. ಅದರೊಡನೆ 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜೂ ಇದೆ. ಹತ್ತಿಯ ಗಾಡಿ ಎಳೆಯುವ ಎತ್ತು, 1874ರಿಂದ 1905ರವರೆಗೆ ಟ್ರಾಮು ಎಳೆದ ಕುದುರೆ, ಹಾಲಿನ ಎಮ್ಮೆ, ಇವೆಲ್ಲ ಈ ನಗರದ ಕೆಲಸಗಾರರಾಗಿದ್ದ ಕಾಲವದು. ಸ್ವಾತಂತ್ರ್ಯದ ನಂತರ, 1949ರಲ್ಲಿ ಆರಂಭವಾದ ಆರೆ ಹಾಲು ಕಾಲೊನಿಯು ನಗರದ ಓಣಿಗಳ ಎಮ್ಮೆಗಳನ್ನು ಗೋರೆಗಾಂವದ ಆಚೆಗೆ ಸಾಗಿಸಿತು. ಈಗ ಪರೇಲಿನ ಆಸುಪಾಸಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಪ್ರಾಣಿಯೆಂದರೆ ಬಹುಮಟ್ಟಿಗೆ ಬೀದಿ ನಾಯಿ. ಮರಾಠಿ ಪತ್ರಿಕೆಗಳು ಅದನ್ನು ‘ಭಟಕೀ ಕುತ್ರೀ’ ಎಂದು ಬರೆಯುತ್ತವೆ. ಮಹಾರಾಷ್ಟ್ರ ಸರಕಾರದ ಪಟ್ಟಿಯಲ್ಲಿ ಧನಗರರು ಸೇರಿರುವುದು ‘ಭಟಕ್ಯಾ ಜಮಾತೀ’ ಎಂಬ ತಲೆಬರಹದ ಕೆಳಗೆ, ‘ಕ’ ವಿಭಾಗದಲ್ಲಿ. ಒಂದೇ ವಿಶೇಷಣ! ಆ ಪಟ್ಟಿಯಿಂದ ಆ ಸಮುದಾಯಕ್ಕೆ 3.5 ಶೇಕಡ ಮೀಸಲಾತಿ ದೊರೆತಿದೆ, ಅದರ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಭಾಷೆ ತನ್ನ ಕುರಿಗಾಹಿಯನ್ನೂ ಒಡೆಯನಿಲ್ಲದ ನಾಯಿಯನ್ನೂ ಒಂದೇ ಮಾತಿನಿಂದ ಬಣ್ಣಿಸುವ ಸ್ಥಿತಿಗೆ ಹೇಗೆ ಬಂತು ಎಂಬುದನ್ನು ಯೋಚಿಸಬೇಕಲ್ಲವೆ? ಗಡಿಯ ಈಚೆ ಧನಗರ, ಆಚೆ ಕುರುಬ. ಬೀರೋಬ ಮತ್ತು ಬೀರಪ್ಪ ಒಬ್ಬನೇ. ಚಿಕ್ಕೋಡಿಯ ಹಿಂಡು ಕಾಗಲದ ಕಡೆ ಹೊರಳಿದರೆ ಕುರಿ ಬದಲಾಗುವುದಿಲ್ಲ, ಕಂಬಳಿ ಬದಲಾಗುವುದಿಲ್ಲ. ಬದಲಾಗುವುದು ಸರಕಾರಿ ಕಾಗದದ ಪದವಷ್ಟೆ. ಇವರ ದೈವಗಳನ್ನು ಹಿಂಬಾಲಿಸಿ ದಶಕಗಳ ಕಾಲ ನಡೆದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್, ಪಂಢರಪುರದ ವಿಠ್ಠಲನ ಬೇರುಗಳನ್ನು ಗೊಲ್ಲ-ಕುರುಬ-ಧನಗರರ ನಡುವೆ ಹುಡುಕಿದ ರಾ. ಚಿಂ. ಢೇರೆ, ಇಬ್ಬರೂ ಈ ಗಡಿಯನ್ನು ಲೆಕ್ಕಿಸದೆ ಕೆಲಸ ಮಾಡಿದರು. ವಾರಿಯ ದಾರಿಯನ್ನು ಯಾರೂ ಅಲೆದಾಟ ಎನ್ನುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡೋಣ.

ಈಗ ನಮ್ಮ ಕಡೆಗೆ ತಿರುಗೋಣ. ಹೊರನಾಡ ಕನ್ನಡಿಗರ ಕವಿತೆಗಳಲ್ಲಿ, ಅಭಿನಂದನ ಗ್ರಂಥಗಳ ಮುನ್ನುಡಿಗಳಲ್ಲಿ, ಸಮ್ಮೇಳನದ ಭಾಷಣಗಳಲ್ಲಿ ‘ನಾವು ಅಲೆಮಾರಿಗಳು’ ಎಂಬ ಮಾತು ಹೇರಳವಾಗಿ ಸಿಗುತ್ತದೆ. ಊರು ಬಿಟ್ಟ ನೋವಿಗೆ ಆ ಪದ ಒಂದು ಮಟ್ಟಿನ ಘನತೆಯನ್ನು ಕೊಡುತ್ತದೆ. ನಮ್ಮ ಮಕ್ಕಳ ಕಾಲಕ್ಕೆ ಅದು ಇನ್ನೂ ಹಗುರಾಗಿ, ಲ್ಯಾಪ್‌ಟಾಪ್ ಹಿಡಿದು ಗೋವೆಯಲ್ಲೋ ಬಾಲಿಯಲ್ಲೋ ಕುಳಿತವನು ಡಿಜಿಟಲ್ ನೊಮ್ಯಾಡ್ ಎನಿಸಿಕೊಂಡಿದ್ದಾನೆ. ಬಾಡಿಗೆ ಕರಾರು, ಪಿಂಚಣಿ, ಹೌಸಿಂಗ್ ಸೊಸೈಟಿಯ ಸದಸ್ಯತ್ವ, ಊರಿನಲ್ಲಿ ಅಣ್ಣತಮ್ಮಂದಿರ ಪಾಲಿನ ತೋಟ, ಇಷ್ಟೆಲ್ಲ ಇರುವ ನಾವು ಆ ಪದವನ್ನು ಅಲಂಕಾರವಾಗಿ ತೊಟ್ಟುಕೊಳ್ಳುತ್ತೇವೆ. ಹುಲ್ಲಿನ ಪಾಲು ಕಳೆದುಕೊಳ್ಳುತ್ತಿರುವವನಿಗೆ ಅದು ಅಲಂಕಾರವಲ್ಲ. ಅವನ ವಿರುದ್ಧದ ಸಾಕ್ಷ್ಯ. ‘ಅವನು ಹೇಗೂ ಅಲೆಮಾರಿ, ಇಲ್ಲಿ ಇಲ್ಲದಿದ್ದರೆ ಇನ್ನೊಂದೆಡೆ ಮೇಯಿಸಿಕೊಳ್ಳುತ್ತಾನೆ’ ಎಂಬ ಒಂದು ವಾಕ್ಯದಿಂದ ಸಾವಿರಾರು ಎಕರೆಗಳನ್ನು ಖಾಲಿ ನೆಲವೆಂದು ಬರೆಯಬಹುದು.

ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಗಳಿಗೆ 30 ಎಕರೆಯಂತೆ ಗೋಮಾಳ ಬಿಡಬೇಕು. ಇದಕ್ಕಿಂತ ಅಚ್ಚ ‘ನೊಮೋಸ್’ ಬೇರೆ ಬೇಕೆ? ಮೈಸೂರು ಸಂಸ್ಥಾನದಲ್ಲಿ ಇನ್ನೂ ವಿಸ್ತಾರವಾದ ವ್ಯವಸ್ಥೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿ, ದಂಡಿನ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸುತ್ತಿತ್ತು. ಆ ದನಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ಅವನ್ನು ವಿಂಗಡಿಸಿದ್ದರು. ನಡೆದಾಡುವ ಬದುಕನ್ನು ರಾಜ್ಯವೇ ಪಂಚಾಂಗದಂತೆ ಬರೆದಿಟ್ಟ ನಿದರ್ಶನವಿದು. ಅಂಥ ಕಾವಲುಗಳಲ್ಲಿ ಚಳ್ಳಕೆರೆ ತಾಲೂಕಿನ ಸುಮಾರು ಹತ್ತು ಸಾವಿರ ಎಕರೆಯಷ್ಟು ನೆಲವನ್ನು ನಮ್ಮ ಕಾಲದಲ್ಲಿ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ, ಇತರ ಯೋಜನೆಗಳಿಗೆ ಹಂಚಲಾಯಿತು. ಹಸಿರು ನ್ಯಾಯಪೀಠದವರೆಗೆ ವ್ಯಾಜ್ಯವೂ ಹೋಯಿತು. ನೆಲ ಪಡೆದ ಸಂಸ್ಥೆಗಳಲ್ಲಿ ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರವೂ ಒಂದು. ದೇಶಕ್ಕೆ ಆ ಸಂಸ್ಥೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಚಳ್ಳಕೆರೆಯು ಕಂಬಳಿಯ ಪೇಟೆಯೆಂದು ಹೆಸರಾದ ಊರು. ಕಂಬಳಿಗೆ ಉಣ್ಣೆ, ಉಣ್ಣೆಗೆ ಕುರಿ, ಕುರಿಗೆ ಹುಲ್ಲು ಬೇಕೆಂಬ ಸರಪಳಿಯಲ್ಲಿ ಹುಲ್ಲೊಂದನ್ನೇ ‘ಬರಡು’ ಎಂದು ಬರೆದುಬಿಟ್ಟರೆ ಉಳಿದುದು ಎಲ್ಲಿ ನಿಲ್ಲಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತವು. ಹುಲಿಯನ್ನೇರಿದ ಮಾದಪ್ಪನ ಬೆಟ್ಟದಲ್ಲಿ ನಡೆದ ಆ ಕೃತ್ಯವನ್ನು ಯಾವ ಮಾತಿನಿಂದಲೂ ಸಮರ್ಥಿಸಲಾಗದು. ಆದರೆ ಮರುತಿಂಗಳು ರಾಜ್ಯದ ಅರಣ್ಯ ಸಚಿವರು ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನೇ ನಿಷೇಧಿಸಲು ಅಧಿಕಾರಿಗಳಿಗೆ ಸೂಚಿಸಿದಾಗ, ವಿಷವಿಕ್ಕಿದವನಿಗೂ ಮೇಯಿಸುವವನಿಗೂ ನಡುವಿನ ಅಂತರ ಒಂದು ಸಾಲಿನಲ್ಲಿ ಅಳಿಸಿಹೋಯಿತು. ಅದರ ಮರುತಿಂಗಳು, ಆಗಸ್ಟ್‌ನಲ್ಲಿ, ಅದೇ ರಾಜ್ಯದ ಶಾಸನಸಭೆಯು ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಹಾಗೂ ಅವರ ಮೇಲಿನ ದೌರ್ಜನ್ಯದ ತಡೆಗೆ ಸಂಬಂಧಿಸಿದ ಮಸೂದೆಯನ್ನು ಅಂಗೀಕರಿಸಿತು. ಒಂದು ಕೈ ಹೊಡೆಯುವುದು, ಇನ್ನೊಂದು ಕೈ ನೇವರಿಸುವುದು ಸರಕಾರಗಳಿಗೆ ಹೊಸದಲ್ಲ. ನಮಗೆ ಕುತೂಹಲ ಹುಟ್ಟಿಸಿದ್ದು ಪದ. ಈ ಮಸೂದೆ ಕುರಿಗಾಹಿಯನ್ನು ಅಲೆಮಾರಿ ಎನ್ನದೆ ಅವನ ಕೆಲಸದ ಹೆಸರಿನಿಂದ ಕರೆದಿದೆ. 2006ರ ಅರಣ್ಯ ಹಕ್ಕು ಕಾಯಿದೆಯೂ ಮೇಯಿಸುವ ಹಕ್ಕನ್ನು, ಋತುಮಾನಕ್ಕೆ ತಕ್ಕಂತೆ ಬಂದುಹೋಗುವ ಹಕ್ಕನ್ನು ಹೆಸರಿಸಿ ಹೇಳುತ್ತದೆ. ಕಾನೂನಿನ ಭಾಷೆ ಈ ವಿಷಯದಲ್ಲಿ ಸಾಹಿತ್ಯದ ಭಾಷೆಗಿಂತ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಿಕೊಳ್ಳುವುದು ನಮಗೆ ಸ್ವಲ್ಪ ಮುಜುಗರವೇ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಕ್ಕಿಪಿಕ್ಕಿಗಳು ಮೊದಲಾದವರು ‘ಅಲೆಮಾರಿ’ ಎಂಬ ಹೆಸರಿನಲ್ಲಿಯೇ ಸಂಘಟಿತರಾಗಿ ತಮ್ಮ ಪಾಲು ಕೇಳುತ್ತಿದ್ದಾರೆ. ಕರ್ನಾಟಕದ ಒಳಮೀಸಲಾತಿಯ ಚರ್ಚೆಯಲ್ಲಿ 59 ಅಲೆಮಾರಿ ಸಮುದಾಯಗಳು ಪ್ರತ್ಯೇಕ ಒಂದು ಶೇಕಡಕ್ಕಾಗಿ 2025ರಲ್ಲಿ ಬೀದಿಗಿಳಿದದ್ದನ್ನು ನಾವೆಲ್ಲ ಓದಿದ್ದೇವೆ. ಆ ಪದ ಅವರ ಪಾಲಿಗೆ ಹೋರಾಟದ ಬಾವುಟ; ದೂರದ ಪರೇಲಿನಿಂದ ಅದನ್ನು ಇಳಿಸಿರೆಂದು ಹೇಳಲು ನಾವು ಯಾರು? 1871ರ ಕಾಯಿದೆ ತಿರುಗಾಟವನ್ನೇ ಅಪರಾಧದ ಗುರುತಾಗಿ ಮಾಡಿ, 1952ರವರೆಗೆ ಎಷ್ಟೋ ಸಮುದಾಯಗಳ ಬೆನ್ನಿಗೆ ಪೊಲೀಸರನ್ನು ಹಚ್ಚಿತ್ತು. ಆ ಕಳಂಕವನ್ನೇ ಎತ್ತಿಕೊಂಡು ಹಕ್ಕಿನ ಹೆಸರಾಗಿಸಿಕೊಂಡವರ ಧೈರ್ಯ ದೊಡ್ಡದು. ನಮ್ಮ ವಾದ ಅವರೊಡನೆ ಅಲ್ಲ. ತಮ್ಮನ್ನು ತಾವು ಏನೆಂದು ಕರೆದುಕೊಳ್ಳಬೇಕೆಂಬುದು ಅವರವರ ಹಕ್ಕು. ನಮ್ಮ ವಾದ ಕತೆ, ಅನುವಾದ, ಪ್ರಬಂಧ ಬರೆಯುವ ನಮ್ಮೊಡನೆ: ಕುರಿ ಕಾಯುವವನ ಬಗ್ಗೆ ಬರೆಯುವಾಗ ಅವನ ಹಿಂಡನ್ನು ವಾಕ್ಯದಿಂದ ಆಚೆ ಓಡಿಸಬಾರದು.

ಬಳಗದ ಮುಂದಿನ ಸಂಕಲನಕ್ಕೆ ಬರುವ ಅನುವಾದಗಳಲ್ಲಿ ನೊಮ್ಯಾಡ್ ಎಂಬ ಪದ ಎದುರಾದಾಗ, ಅಲ್ಲಿ ಪಶುಗಳಿವೆಯೋ ಇಲ್ಲವೋ ಎಂದು ಮೊದಲು ನೋಡಬೇಕೆಂದು ಸಂಪಾದಕ ಮಂಡಳಿ ತೀರ್ಮಾನಿಸಿದೆ. ಪಶುಗಳಿದ್ದರೆ ಕುರಿಗಾಹಿ, ದನಗಾಹಿ, ಪಶುಪಾಲಕ. ಸಂದರ್ಭ ನೋಡಿ ಆರಿಸಿಕೊಳ್ಳಬಹುದು. ಹೊರನಾಡಿನ ನಮ್ಮ ಬದುಕಿಗೆ ವಲಸೆ ಎಂಬ ಸಾದಾ ಪದವೇ ಸಾಕು. ಇದರ ಜೊತೆಗೆ ಹಟ್ಟಿಯ ಪದಗಳದೊಂದು ಪಟ್ಟಿಯನ್ನು ಮಾಡಲು ಹೊರಟಿದ್ದೇವೆ: ಕುರಿಯ ವಯಸ್ಸು, ಬಣ್ಣ, ಕಿವಿಯ ಆಕಾರಕ್ಕೆ ತಕ್ಕ ಹೆಸರುಗಳು, ಹುಲ್ಲಿನ ಜಾತಿಗಳು, ಉಣ್ಣೆ ಕತ್ತರಿಸುವ ಕಾಲದ ಮಾತುಗಳು, ಹಿಂಡನ್ನು ತಿರುಗಿಸುವ ಕೂಗುಗಳು. ಮುಂಬಯಿಯಲ್ಲಿರುವ ಎಷ್ಟೋ ಕನ್ನಡ ಮನೆಗಳ ಹಿರಿಯರು ಬಾಲ್ಯದಲ್ಲಿ ಕುರಿಯ ಹಿಂದೆ ನಡೆದವರೇ. ಅವರ ಬಾಯಲ್ಲಿ ಉಳಿದಿರುವ ಪದಗಳನ್ನು ಮನೆಯ ಕಿರಿಯರು ಬರೆದುಕೊಂಡು, ಯಾವ ತಾಲೂಕಿನ ಮಾತೆಂಬುದನ್ನೂ ನಮೂದಿಸಿ ಬಳಗಕ್ಕೆ ತಂದುಕೊಡಬೇಕೆಂದು ಕೋರುತ್ತೇವೆ. ಚಿಕ್ಕೋಡಿ, ರಾಯಬಾಗ, ಅಥಣಿಯವರ ಪದಗಳು ಮೊದಲು ಬಂದರೆ ಒಳ್ಳೆಯದು. ಆ ಪದಗಳಿಗೆ ಮರಾಠಿಯ ಜೋಡಿಗಳನ್ನು ಹುಡುಕಲು ಇಲ್ಲಿ ಜನರಿದ್ದಾರೆ.